ಯುನಿಕ್ಸ್, ಲಿನಕ್ಸ್‌ನಲ್ಲಿ ಮರುಕಳಿಸದ ಐಡಿ ಪಡೆಯುವುದು ಹೇಗೆ?

ಬ್ಯಾಕಪ್ ಸ್ಕ್ರಿಪ್ಟ್ ಬರೆಯುವ ಅನೇಕರು ಕಡತದ ಹೆಸರಿಗೆ ಗಡಿಯಾರದ ಸೆಕೆಂಡುಗಳನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಒಂದೇ ಸೆಕೆಂಡಿನಲ್ಲಿ ಸ್ಕ್ರಿಪ್ಟ್ ಎರಡು ಸಲ ಓಡಿದರೆ ಮೊದಲಿನ ಕಡತ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಆದೇಶಗಳನ್ನು ಓಡಿಸುವ ಬ್ಯಾಶ್ ಶೆಲ್‌ನ 'ರ್‍ಯಾಂಡಮ್' ಕೂಡ ಆಸರೆಯಲ್ಲ. ಅದು ಕೊಡುವುದು 0ಯಿಂದ 32767ರವರೆಗಿನ ಸಂಖ್ಯೆ ಮಾತ್ರ. ಸುಮಾರು 214 ಸಲ ಕೇಳುವಷ್ಟರಲ್ಲಿ ಯಾವುದಾದರೂ ಸಂಖ್ಯೆ ಮತ್ತೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಮೊದಲು, ಟರ್ಮಿನಲ್‌ನಲ್ಲಿ 'ಯುಯುಐಡಿಜೆನ್' ಆದೇಶ ಕೊಡಿ. ಅಷ್ಟೇ, ಯುಯುಐಡಿ ಎಂಬ, ಮತ್ತೆ ಬರುವ ಸಾಧ್ಯತೆ ತೀರಾ ಕಡಿಮೆಯಿರುವ ಉದ್ದನೆಯ ಐಡಿ ಸಿಗುತ್ತದೆ. ಪ್ರೋಗ್ರಾಮ್‌ಗಳನ್ನು ಬೇರ್ಪಡಿಸಿ ಓಡಿಸುವ ಚಿಕ್ಕ ಕಂಟೇನರ್‌ಗಳಲ್ಲಿ ಈ ಆದೇಶ ಇಲ್ಲದಿದ್ದರೆ, ಲಿನಕ್ಸ್‌ನ 'ಪ್ರಾಕ್' ಫೋಲ್ಡರ್ ಅಡಿಯಲ್ಲಿ ಸಿಸ್, ಕರ್ನಲ್, ರ್‍ಯಾಂಡಮ್ ಎಂದು ಇಳಿಯುತ್ತ ಹೋಗಿ. ಅಲ್ಲಿರುವ 'ಯುಯುಐಡಿ' ಕಡತ ಓದಿದಾಗಲೆಲ್ಲ ಹೊಸ ಐಡಿ ಕೊಡುತ್ತದೆ.

ಬಂದ 36 ಅಕ್ಷರಗಳಲ್ಲಿ ಮೂರನೆಯ ಗುಂಪಿನ ಮೊದಲ ಅಂಕೆಯನ್ನು ನೋಡಿ. ಅದು 4 ಆಗಿದ್ದರೆ ಒಳಗಿನ 128 ಬಿಟ್‌ಗಳಲ್ಲಿ 122 ಯಾದೃಚ್ಛಿಕ. 1 ಇದ್ದರೆ ಆ ಐಡಿ ಸಮಯದಿಂದ ಹುಟ್ಟಿದ್ದು. ಅದನ್ನು ನೋಡಿ ಯಾವಾಗ ತಯಾರಾಯಿತೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಹೊರಗಿನವರಿಗೆ ಕಾಣುವ ಕಡೆ ನಾನಂತೂ 4ನ್ನೇ ಬಳಸುತ್ತೇನೆ, ನೀವೂ ಅದನ್ನೇ ಬಳಸಿ.

ಎಲ್ಲರೂ ಎಡವುವುದು ಇದರ ನಂತರ. ಹೆಸರು ಉದ್ದವಾಯಿತೆಂದು ಮೊದಲ 8 ಅಕ್ಷರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಾರೆ. ಆಗ ಉಳಿಯುವುದು ಬರೀ 32 ಬಿಟ್. ಸುಮಾರು 77,000 ಐಡಿ ಆಗುವ ಹೊತ್ತಿಗೆ ಡಿಕ್ಕಿಯ, ಅಂದರೆ ಎರಡು ಐಡಿ ಒಂದೇ ಆಗುವ ಸಾಧ್ಯತೆ ಅರ್ಧಕ್ಕೆ ಮುಟ್ಟುತ್ತದೆ. ದಯವಿಟ್ಟು ಕತ್ತರಿಸಬೇಡಿ, ಡಿಸ್ಕ್‌ನಲ್ಲಿ ಜಾಗಕ್ಕೇನೂ ಬರವಿಲ್ಲ. ಇನ್ನು ಕೆಲವರು ಕಡತದ ಹೆಸರಿಗೊಮ್ಮೆ, ಲಾಗ್‌ಗೊಮ್ಮೆ ಆದೇಶವನ್ನು ಬೇರೆ ಬೇರೆಯಾಗಿ ಕರೆಯುತ್ತಾರೆ. ಎರಡು ಕಡೆಯೂ ಬೇರೆ ಐಡಿ ಕೂರುತ್ತದೆ, ಆಮೇಲೆ ಯಾವ ಲಾಗ್ ಯಾವ ಕಡತದ್ದೆಂದು ಪತ್ತೆಯೇ ಆಗುವುದಿಲ್ಲ. ಸ್ಕ್ರಿಪ್ಟ್‌ನ ಮೊದಲಲ್ಲೇ ಒಮ್ಮೆ ಕರೆದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ, ಮುಂದೆಲ್ಲ ಅದನ್ನೇ ಬಳಸಿ.

ಮ್ಯಾಕ್‌ನಲ್ಲಿ ಇದೇ ಆದೇಶ ದೊಡ್ಡಕ್ಷರಗಳನ್ನು ಕೊಡುತ್ತದೆ, ಲಿನಕ್ಸ್‌ನಲ್ಲಿ ಸಣ್ಣಕ್ಷರಗಳು ಬರುತ್ತವೆ. ಎರಡೂ ಕಡೆಯ ಐಡಿಗಳನ್ನು ಹೋಲಿಸುವುದಿದ್ದರೆ 'ಟಿಆರ್' ಆದೇಶದಿಂದ ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿಯೇ ಉಳಿಸಿ.

ಪಾಸ್‌ವರ್ಡ್ ಬದಲಿಸುವ ಕೊಂಡಿಗೆ ಯುಯುಐಡಿ ಹಾಕಬೇಡಿ. ಅದಕ್ಕೆ 'ಓಪನ್‌ಎಸ್‌ಎಸ್‌ಎಲ್ ರ್‍ಯಾಂಡ್' ಆದೇಶದಿಂದ 32 ಬೈಟ್ ತೆಗೆದುಕೊಳ್ಳಿ.

ತಾತ್ಕಾಲಿಕ ಕಡತಕ್ಕಾದರೆ ಇಷ್ಟೆಲ್ಲ ಬೇಕಿಲ್ಲ, 'ಎಂಕೆಟೆಂಪ್' ಸಾಕು. ಅದು ಹೊಸ ಹೆಸರು ಹುಡುಕುವುದರ ಜೊತೆಗೆ ಕಡತವನ್ನೂ ಆಗಲೇ ಸೃಷ್ಟಿಸಿ, ಮಾಲೀಕರಿಗೆ ಮಾತ್ರ ಓದುವ, ಬರೆಯುವ ಅನುಮತಿ ಕೊಡುತ್ತದೆ.