ಹೃದಯದ ಸಿಟಿ ಆಂಜಿಯೋ: ಮಾಡಿಸುವುದು ಹೇಗೆ, ರಿಪೋರ್ಟ್ ಓದುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಹೃದಯ ತೋರಿಸಲು ಶಿವಮೊಗ್ಗಕ್ಕೆ ಬರುವವರು ಮೊದಲು ಕೇಳುವುದು ‘ಬ್ಲಾಕ್ ಎಷ್ಟು ಪರ್ಸೆಂಟ್?’ ಎಂದು. ಆ ಬ್ಲಾಕ್ ಎಂಥದ್ದು ಎಂದೂ ಕೇಳಬೇಕು. ರಕ್ತನಾಳದ ಗೋಡೆಯಲ್ಲಿ ಕೂತ ಪ್ಲಾಕ್ (ಕೊಬ್ಬು, ಕ್ಯಾಲ್ಸಿಯಂ ಸೇರಿದ ಪದರ) ಗಟ್ಟಿಯೋ ಮೆತ್ತಗೋ ಎಂಬುದು ಸಿಟಿ ಆಂಜಿಯೋದಲ್ಲಿ, ಅಂದರೆ ರಕ್ತನಾಳ ಎದ್ದು ಕಾಣಲು ಡೈ ಎಂಬ ದ್ರವ ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್‌ನಲ್ಲಿ, ಕಾಣುತ್ತದೆ. ಸಣ್ಣ ಬ್ಲಾಕ್ ಆದರೂ ಮೆತ್ತಗಿನ ಪ್ಲಾಕ್ ಒಡೆದರೆ ಹೃದಯಾಘಾತ ಆಗಬಹುದು.

ಎದೆನೋವು ಈಗಲೇ ಇದ್ದರೆ ಮಾತ್ರ ಈ ಸ್ಕ್ಯಾನ್‌ಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ಆಗಿರಲಿ. ಡೈ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು, ಅಲ್ವಾ? ಹಿಂದಿನ ರಾತ್ರಿಯಿಂದ ಕಾಫಿ ಬಿಡಿ. ಮಲೆನಾಡಿನವರಿಗೆ ಇದು ಕಷ್ಟವೇ. ತಂಬಾಕು ಹಾಕಿದ ಎಲೆಅಡಿಕೆಯೂ ಬೇಡ. ಎರಡೂ ಹೃದಯದ ಬಡಿತ ಏರಿಸುತ್ತವೆ. ಉಬ್ಬಸ, ಡೈ ಅಲರ್ಜಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ತಿಳಿಸಿ. ವಯಾಗ್ರದಂಥ ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೆ ಬಿಟ್ಟು ಹೇಳಿ. ಸ್ಕ್ಯಾನ್‌ಗೆ ಮುಂಚೆ ರಕ್ತನಾಳ ಹಿಗ್ಗಲು ನಾಲಿಗೆ ಕೆಳಗೆ ಕೊಡುವ ನೈಟ್ರೋಗ್ಲಿಸರಿನ್ ಜೊತೆ ಅದು ಸೇರಿದರೆ ಬಿಪಿ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಬಂದರೆ ಚಿತ್ರ ಸ್ಪಷ್ಟ. ಜಾಸ್ತಿ ಇದ್ದರೆ ಮಾತ್ರೆ ಕೊಟ್ಟು ಇಳಿಸುತ್ತಾರೆ. ಡೈ ಹೋಗುವಾಗ ಮೈ ಬಿಸಿಯಾಗುತ್ತದೆ, ಗಾಬರಿ ಬೇಡ. ಸುಮಾರು 10 ಸೆಕೆಂಡ್ ಉಸಿರು ಹಿಡಿದು ಅಲುಗದೆ ಮಲಗಿ.

ಈಗ ರಿಪೋರ್ಟ್. ಸಿಟಿ ಸ್ಕ್ಯಾನ್ ಸಾಂದ್ರತೆ ಅಳೆಯುವ ಲೆಕ್ಕದಲ್ಲಿ ನೀರು 0, ಗಟ್ಟಿಯಾದಷ್ಟೂ ಸಂಖ್ಯೆ ಹೆಚ್ಚು. ನಾಳದಲ್ಲಿ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂದು ಹೇಳುವುದು ಕ್ಯಾಲ್ಸಿಯಂ ಸ್ಕೋರ್; ಈ ಅಳತೆಯಲ್ಲಿ ಸಾಂದ್ರತೆ 130ಕ್ಕಿಂತ ಕಡಿಮೆ ಇರುವುದನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಸ್ಕೋರ್ 0 ಬಂದರೆ ಒಳ್ಳೆಯ ಸುದ್ದಿಯೇ, ಆದರೆ ಮೆತ್ತಗಿನ ಪ್ಲಾಕ್ ಇಲ್ಲವೇ ಇಲ್ಲ ಎಂದಲ್ಲ. ಡೈ ಹಾಕಿ ತೆಗೆದ ಚಿತ್ರದಲ್ಲಿ ನಾಲ್ಕು ಗುರುತು ಹುಡುಕುತ್ತಾರೆ: 30ಕ್ಕಿಂತ ಕಡಿಮೆ ಸಾಂದ್ರತೆಯ ಕೊಬ್ಬಿನ ಭಾಗ, ಹೊರಕ್ಕೆ ಉಬ್ಬಿದ ನಾಳ, ಅಲ್ಲಲ್ಲಿ ಚುಕ್ಕಿಯಂಥ ಕ್ಯಾಲ್ಸಿಯಂ, ಪ್ಲಾಕ್ ಸುತ್ತ ಉಂಗುರ. ಇವುಗಳಲ್ಲಿ ಎರಡಾದರೂ ಕಂಡರೆ ಬ್ಲಾಕ್ ಯಾವ ಮಟ್ಟದ್ದು ಎಂದು ತಿಳಿಸುವ ಸಿಎಡಿ-ರಾಡ್ಸ್ (CAD-RADS) ಸಂಖ್ಯೆಯ ಪಕ್ಕ ‘ಎಚ್‌ಆರ್‌ಪಿ’ (HRP, ಅಂದರೆ ಅಪಾಯ ಹೆಚ್ಚಿರುವ ಪ್ಲಾಕ್) ಎಂದು ಬರೆಯುತ್ತಾರೆ. ಆ ಮೂರಕ್ಷರ ಇದೆಯೇ ಎಂದು ನೋಡಿ. ಇದ್ದರೆ, ಬ್ಲಾಕ್ 40 ಪರ್ಸೆಂಟ್ ತಾನೇ ಎಂದು ಸುಮ್ನೆ ಕೂರಬೇಡಿ. ಅಡಿಕೆ ಕೊಯ್ಲು ಮುಗಿಯಲಿ ಎಂದೂ ಕಾಯಬೇಡಿ. ರಿಪೋರ್ಟ್ ಹಿಡಿದು ಹೃದಯತಜ್ಞರನ್ನು ಕಾಣಿ.

ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಡುತ್ತಾರೆ. ಅದು ಮೆತ್ತಗಿನ ಪ್ಲಾಕನ್ನು ಗಟ್ಟಿ ಮಾಡುವುದರಿಂದ ಮುಂದೆ ಕ್ಯಾಲ್ಸಿಯಂ ಸ್ಕೋರ್ ಏರಲೂಬಹುದು. ಹೆದರಿ ಮಾತ್ರೆ ನಿಲ್ಲಿಸಬೇಡಿ.