ಪವರ್ಡ್ ಬಾಕ್ಸೋ, ಬೇರೆ ಆಂಪ್ಲಿಫೈಯರೋ: ಮೈಕ್‌ಸೆಟ್ ನಡೆಸುವವನ ಲೆಕ್ಕ

ನಮ್ಮದು ಅರಸೀಕೆರೆ ಕಡೆ ಮೈಕ್‌ಸೆಟ್ ಬಾಡಿಗೆ. ಮದುವೆ, ಸ್ಕೂಲ್ ಡೇ, ಗಣಪತಿ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಬೇಸಿಗೆಯಲ್ಲಿ ಊರಹಬ್ಬ ಮತ್ತು ಪೌರಾಣಿಕ ನಾಟಕ. ಅಪ್ಪನ ಕಾಲದಲ್ಲಿ ಒಂದು ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್, ಒಂದು ಬ್ಯಾಟರಿ ಇದ್ದರೆ ಕೆಲಸ ನಡೆಯುತ್ತಿತ್ತು. ಆಮೇಲೆ 15 ಇಂಚಿನ ಸ್ಪೀಕರ್ ಬಾಕ್ಸ್‌ಗಳು, ರ‍್ಯಾಕ್‌ನಲ್ಲಿ ಕೂರುವ ದೊಡ್ಡ ಆಂಪ್ಲಿಫೈಯರ್‌ಗಳು ಬಂದವು. ಈಗ ಪವರ್ಡ್ ಬಾಕ್ಸ್ ಕಾಲ. ಆಂಪ್ಲಿಫೈಯರ್ ಬಾಕ್ಸ್‌ನ ಬೆನ್ನಿಗೇ ಇರುತ್ತದೆ. ಮಿಕ್ಸರ್‌ನಿಂದ ಒಂದು ವೈರ್, ಗೋಡೆಯಿಂದ ಕರೆಂಟ್, ಅಷ್ಟೇ.

ನನ್ನ ಹತ್ತಿರ ಮೂರೂ ಕಾಲದ ಸಾಮಾನು ಇದೆ. ಮೂರನ್ನೂ ಬಿಚ್ಚಿ ರಿಪೇರಿ ಮಾಡಿದ್ದೇನೆ. ಈ ಲೈನ್‌ಗೆ ಹೊಸದಾಗಿ ಬರುವ ಹುಡುಗರು ‘ಅಣ್ಣ, ಯಾವುದು ಜಾಸ್ತಿ ಬಾಳಿಕೆ ಬರುತ್ತೆ?’ ಅಂತ ಕೇಳುತ್ತಾರೆ. ಬಾಳಿಕೆ ಇರಲಿ. ಅದು ಕೆಟ್ಟ ದಿನ ಉಳಿದದ್ದರಲ್ಲಿ ಪ್ರೋಗ್ರಾಂ ಮುಗಿಸಲು ಆಗುತ್ತಾ? ಕೆಟ್ಟ ಭಾಗ ಒಂದು ಬಸ್ ಪಾರ್ಸೆಲ್‌ನಲ್ಲಿ ನನ್ನ ಅಂಗಡಿಗೆ ಬರುತ್ತಾ? ನಾನು ನೋಡುವುದು ಇವೆರಡನ್ನೇ.

ಮೊದಲು ಪವರ್ಡ್ ಬಾಕ್ಸ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಅದು ಬಂದ ಮೇಲೆ ನನ್ನಲ್ಲಿ ಹಾರ್ನ್ ಡಯಾಫ್ರಾಮ್ (ಸದ್ದು ಹೊರಡಿಸುವ ತೆಳು ಪೊರೆ) ಸುಡುವುದು ತುಂಬಾ ಕಡಿಮೆಯಾಗಿದೆ. ಬೇರೆ ಆಂಪ್ಲಿಫೈಯರ್ ಇದ್ದಾಗ ಯಾರೋ ಬಂದು ‘ಸೌಂಡ್ ಸಾಲ್ದು’ ಅಂದರೆ ನಮ್ಮ ಹುಡುಗ ವಾಲ್ಯೂಮ್ ಏರಿಸುತ್ತಾನೆ. ಆಂಪ್ಲಿಫೈಯರ್ ಮಿತಿ ಮೀರಿತು ಅನ್ನುವ ಕ್ಲಿಪ್ ಲೈಟ್ ಕೆಂಪಗೆ ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ನೋಡಿದರೆ ಡಯಾಫ್ರಾಮ್ ಕರಕಲು. ಪವರ್ಡ್ ಬಾಕ್ಸ್‌ನ ಲಿಮಿಟರ್‌ಗೆ ಒಳಗಿನ ಸ್ಪೀಕರ್ ಎಷ್ಟು ತಡೆಯುತ್ತದೆ ಅನ್ನುವುದು ಗೊತ್ತು, ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಇನ್ನೊಂದು, ಓಮ್ ಲೆಕ್ಕದ ತಲೆಬಿಸಿ ಇಲ್ಲ. 8 ಓಮ್‌ನ ನಾಲ್ಕು ಬಾಕ್ಸ್‌ಗಳನ್ನು ಒಂದೇ ಚಾನೆಲ್‌ಗೆ ಪ್ಯಾರಲಲ್ ಹಾಕಿದರೆ 2 ಓಮ್ ಆಗುತ್ತದೆ. ಬಹಳಷ್ಟು ಆಂಪ್ಲಿಫೈಯರ್‌ಗಳು ಅದನ್ನು ತಡೆಯುವುದಿಲ್ಲ. ಪವರ್ಡ್‌ನಲ್ಲಿ ಆ ಎಡವಟ್ಟಿಗೆ ಜಾಗವೇ ಇಲ್ಲ.

ಆದರೆ ಒಂದು ಬಾಕ್ಸ್‌ಗೆ ಎರಡು ವೈರ್ ಬೇಕು, ಅದರಲ್ಲಿ ಒಂದು 230 ವೋಲ್ಟ್‌ನದು. ಬಯಲಿನ ಪ್ರೋಗ್ರಾಂನಲ್ಲಿ ಇದು ಸಣ್ಣ ಮಾತಲ್ಲ. ಪ್ಯಾಸಿವ್ ಬಾಕ್ಸ್ (ಒಳಗೆ ಆಂಪ್ಲಿಫೈಯರ್ ಇಲ್ಲದ್ದು) ಆದರೆ ಸ್ಪೀಕಾನ್ ಅನ್ನುವ ಸ್ಪೀಕರ್ ಕೇಬಲ್ ಒಂದೇ ಎಳೆದರೆ ಸಾಕು. ಆಂಪ್ಲಿಫೈಯರ್ ಸ್ಟೇಜ್ ಪಕ್ಕ ನೆರಳಲ್ಲಿ, ನನ್ನ ಕಣ್ಣೆದುರು ಇರುತ್ತದೆ. ಪವರ್ಡ್ ಆದರೆ ಕರೆಂಟ್ ಜನರ ಕಾಲಡಿ ಹಾದು, ಒದ್ದೆ ಹುಲ್ಲಿನ ಮೇಲೆ ನಿಂತ ಸ್ಟ್ಯಾಂಡ್‌ವರೆಗೂ ಹೋಗಬೇಕು. ಮಧ್ಯಾಹ್ನದ ಬಿಸಿಲು ನೇರ ಬೆನ್ನಿನ ಪ್ಲೇಟ್‌ಗೆ ಬಿದ್ದರೆ ಬಿಸಿಯೇರಿ ತಾನಾಗೇ ಆಫ್ ಆಗುವುದೂ ಉಂಟು.

ಎರಡು ವರ್ಷದ ಹಿಂದೆ ಒಂದು ಊರಹಬ್ಬ. ರಾತ್ರಿ ನಾಟಕ. ಶಾಮಿಯಾನದ ಕಡೆಯವರು ಕಂಬದಿಂದ ಮೂರು ಫೇಸ್ ಎಳೆದಿದ್ದರು. ಸೀರಿಯಲ್ ಸೆಟ್ಟೆಲ್ಲ ಎರಡು ಫೇಸ್‌ಗೆ, ನಮ್ಮ ಸೌಂಡ್ ಮಾತ್ರ ಮೂರನೆಯದಕ್ಕೆ. ಎಲ್ಲೋ ನ್ಯೂಟ್ರಲ್ ಸಡಿಲವಾಗಿ ಕಳಚಿತು. ಹಾಗಾದಾಗ ಲೋಡ್ ಕಡಿಮೆ ಇರುವ ಫೇಸ್‌ನ ವೋಲ್ಟೇಜ್ 400ರ ಹತ್ತಿರದವರೆಗೂ ಏರಬಹುದು. ಮುಂದಿನ ಎರಡು ಪವರ್ಡ್ ಬಾಕ್ಸ್‌ಗಳು ‘ಪಟ್’ ಅಂದವು, ಸುಟ್ಟ ವಾಸನೆ ಬಂತು. ರ‍್ಯಾಕ್‌ನ ಹಳೇ ಆಂಪ್ಲಿಫೈಯರ್ ಕೂಡ ಸತ್ತಿತು. ಕಮಿಟಿಯ ಯಜಮಾನರು ಓಡಿ ಬಂದರು. ‘ಏನಪ್ಪಾ ಇದು, ಭೀಮ ಇನ್ನೇನು ಸ್ಟೇಜಿಗೆ ಬರ್ತಾನೆ, ಮೈಕೇ ಹೋಯ್ತಲ್ಲ!’

ಲೈನ್ ಸರಿ ಮಾಡಿಸಿ ನೋಡಿದೆ. ಹಳೇ ಆಂಪ್ಲಿಫೈಯರ್‌ನಲ್ಲಿ ಹೋಗಿದ್ದು ಫ್ಯೂಸ್ ಒಂದೇ. ಅದರಲ್ಲಿರುವುದು ಕಬ್ಬಿಣದ ಟ್ರಾನ್ಸ್‌ಫಾರ್ಮರ್. ವೋಲ್ಟೇಜ್ ಮಿತಿ ಮೀರಿದಾಗ ಅದು ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತದೆ, ಫ್ಯೂಸ್ ಮೊದಲು ಹೋಗುತ್ತದೆ. ನನ್ನ ಅದೃಷ್ಟವೂ ಇತ್ತು ಅನ್ನಿ. ಫ್ಯೂಸ್ ಬದಲಾಯಿಸಿದೆ, ಹಿಂದಿಗೆ ಅಂತ ಇಟ್ಟಿದ್ದ ಎರಡು ಪ್ಯಾಸಿವ್ ಬಾಕ್ಸ್‌ಗಳನ್ನು ಮುಂದಕ್ಕೆ ತಂದೆ. ಅಷ್ಟು ಹೊತ್ತೂ ಹಾರ್ಮೋನಿಯಂ ಮೇಷ್ಟ್ರು ಮೈಕಿಲ್ಲದೆ ಹಾಡುತ್ತಾ ಜನರನ್ನು ಹಿಡಿದಿಟ್ಟಿದ್ದರು. ನಾಟಕ ನಡೆಯಿತು.

ಪವರ್ಡ್ ಬಾಕ್ಸ್‌ಗಳದ್ದು ಬೇರೆ ಕಥೆ. ಒಳಗಿರುವುದು ಎಸ್‌ಎಂಪಿಎಸ್, ಅಂದರೆ ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇಲ್ಲದ ಎಲೆಕ್ಟ್ರಾನಿಕ್ ಪವರ್ ಸಪ್ಲೈ. 230 ವೋಲ್ಟ್ ಬಂದಾಗ ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತದೆ. ಆ ಕೆಪಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟ್‌ನದು. ಲೈನ್ 400 ಆದರೆ ಡಿಸಿ 560 ದಾಟುತ್ತದೆ. ಹೇಗೆ ತಡೆದೀತು?

ಮೊದಲನೇ ಬಾಕ್ಸ್ ಬಿಚ್ಚಿದಾಗ ಫ್ಯೂಸ್ ಕಪ್ಪಾಗಿತ್ತು, ಪಕ್ಕದ ನೀಲಿ ಬಿಲ್ಲೆಯಂಥ ವೇರಿಸ್ಟರ್ ಒಡೆದಿತ್ತು. ಅದು ಇರುವುದೇ ಅದಕ್ಕೆ. ವೋಲ್ಟೇಜ್ ಏರಿದಾಗ ತಾನು ಶಾರ್ಟ್ ಆಗಿ ಫ್ಯೂಸ್ ಹೋಗುವಂತೆ ಮಾಡುತ್ತದೆ. ಎರಡನ್ನೂ ಹೊಸದು ಹಾಕಿ, ಸೀರೀಸ್‌ನಲ್ಲಿ 100 ವಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇಟ್ಟು ಕರೆಂಟ್ ಕೊಟ್ಟೆ. ಬಲ್ಬ್ ಒಂದು ಸಲ ಹೊಳೆದು ಮಂಕಾಯಿತು. ಹಾಗಾದರೆ ಒಳಗೆ ಶಾರ್ಟ್ ಇಲ್ಲ ಅಂತ. ಬಾಕ್ಸ್ ಇವತ್ತಿಗೂ ಓಡುತ್ತಿದೆ. ಬಿಚ್ಚುವವರಿಗೆ ಒಂದು ಮಾತು: ಪ್ಲಗ್ ತೆಗೆದ ಮೇಲೂ ಆ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅಂಥದೇ ಒಂದು ಬಲ್ಬ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ.

ಎರಡನೇ ಬಾಕ್ಸ್‌ನಲ್ಲಿ ಕೆಪಾಸಿಟರ್ ಸಿಡಿದು, ಬೋರ್ಡ್ ತೂತಾಗುವಷ್ಟು ಸುಟ್ಟಿತ್ತು. ಪವರ್ ಸಪ್ಲೈ, ಆಂಪ್ಲಿಫೈಯರ್, ಡಿಎಸ್‌ಪಿ (ಸೌಂಡ್ ಹದ ಮಾಡುವ ಚಿಪ್) ಎಲ್ಲ ಒಂದೇ ಬೋರ್ಡ್‌ನಲ್ಲಿ. ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿದರೆ ‘ಸರ್, ಆ ಮಾಡೆಲ್ ನಿಂತಿದೆ, ಬೋರ್ಡ್ ಬರಲ್ಲ’ ಅಂದರು. ಸರ್ಕ್ಯೂಟ್ ಡಯಾಗ್ರಂ ಕೊಡಿ ಅಂದರೆ ಅದೂ ಇಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ನನ್ನ ಟೇಬಲ್ ಮೇಲೆ ಮಾತ್ರ ಆ ಡಯಾಗ್ರಂ ಇನ್ನೂ ಬಂದಿಲ್ಲ.

ಹಾಗಾಗಿ ಆ ಬಾಕ್ಸನ್ನು ಪ್ಯಾಸಿವ್ ಮಾಡಿದೆ. ಸ್ಪೀಕರ್‌ಗಳು ಚೆನ್ನಾಗೇ ಇದ್ದವು, ಮರವೂ ಗಟ್ಟಿ. ಬೆನ್ನಿನ ಪ್ಲೇಟ್ ತೆಗೆದೆ. ಆ ಜಾಗಕ್ಕೆ ಪ್ಲೈವುಡ್ ಕತ್ತರಿಸಿ, ಸುತ್ತ ಫೋಮ್ ಪಟ್ಟಿ ಅಂಟಿಸಿ, ಸ್ಕ್ರೂ ಬಿಗಿದೆ. ಇಲ್ಲಿ ಗಾಳಿ ಸೋರಬಾರದು, ಸೋರಿದರೆ ಬಾಸ್ ಹೋಗಿ ಬುಸ್ ಬುಸ್ ಅನ್ನುತ್ತದೆ. ಮೀಟರ್ ಇಟ್ಟರೆ ವೂಫರ್ (ಬಾಸ್ ಸ್ಪೀಕರ್) 6 ಓಮ್ ತೋರಿಸಿತು. ಮೀಟರ್‌ನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ, ಅಂದರೆ ಅದು 8 ಓಮ್‌ನದು. ಕೆಲವು ಪವರ್ಡ್ ಬಾಕ್ಸ್‌ಗಳಲ್ಲಿ 4 ಓಮ್ ವೂಫರ್ ಇರುತ್ತದೆ. ಇದನ್ನು ನೋಡದೆ ಆಂಪ್ಲಿಫೈಯರ್‌ಗೆ ಹಾಕಬೇಡಿ. ಮೊದಲು ವೂಫರ್‌ಗೂ ಹಾರ್ನ್‌ಗೂ ಬೇರೆ ಬೇರೆ ಆಂಪ್ಲಿಫೈಯರ್ ಇತ್ತು. ಈಗ ಇರುವುದು ಒಂದೇ ವೈರ್. ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ 2.5 ಕಿಲೋಹರ್ಟ್ಜ್‌ನ ರೆಡಿಮೇಡ್ ಕ್ರಾಸ್‌ಓವರ್ (ಬಾಸನ್ನು ವೂಫರ್‌ಗೂ ಕೀಚು ಸದ್ದನ್ನು ಹಾರ್ನ್‌ಗೂ ಹಂಚುವುದು) ತರಿಸಿ ಒಳಗೆ ಕೂರಿಸಿದೆ. ಮೊದಲು ಹಾಡಿಸಿದಾಗ ಹಾರ್ನ್ ಕಿವಿ ಕೊರೆಯಿತು. ಹಾರ್ನ್‌ನ ಹಿಂದಿನ ಕಂಪ್ರೆಷನ್ ಡ್ರೈವರ್ ವೂಫರ್‌ಗಿಂತ ಜಾಸ್ತಿ ಜೋರು, ಆ ವ್ಯತ್ಯಾಸವನ್ನು ಮೊದಲು ಒಳಗಿನ ಡಿಎಸ್‌ಪಿ ಸರಿದೂಗಿಸುತ್ತಿತ್ತು. ಹಾರ್ನ್ ಲೈನ್‌ನಲ್ಲಿ ದೊಡ್ಡ ವಾಟ್‌ನ ರೆಸಿಸ್ಟರ್‌ಗಳನ್ನು ಬದಲಿಸುತ್ತಾ ಮಾತು ಸ್ಪಷ್ಟವಾಗುವವರೆಗೂ ಇಳಿಸಿದೆ. ಮೊದಲಿನ ಸೌಂಡ್ ಬರಲಿಲ್ಲ, ಬರುವುದೂ ಇಲ್ಲ. ಇನ್ನೊಂದು ಬಾಕ್ಸ್‌ಗೆ ಜೋಡಿಯಾಗಿ ಇಡಲು ಆಗದು, ಆದರೆ ಹಾಡುವವರ ಕಾಲ ಬುಡಕ್ಕೆ ಸ್ಟೇಜ್ ಮಾನಿಟರ್ ಆಗಿ ದುಡಿಯುತ್ತಿದೆ.

ಆಂಪ್ಲಿಫೈಯರ್, ಬಾಕ್ಸ್ ಬೇರೆ ಬೇರೆ ಇರುವ ಸಾಮಾನಿನ ರಿಪೇರಿ ಇಷ್ಟು ಸುತ್ತಾಟದ್ದಲ್ಲ. ರ‍್ಯಾಕ್ ಆಂಪ್ಲಿಫೈಯರ್ ಸತ್ತರೆ ಬಹುಪಾಲು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು 5200, 1943 ನಂಬರ್‌ನ ಟ್ರಾನ್ಸಿಸ್ಟರ್ ಜೋಡಿ. ಶಾರ್ಟ್ ಆಗಿದ್ದು ತೆಗೆದು, ಪಕ್ಕದ ರೆಸಿಸ್ಟರ್ ನೋಡಿ, ಹೊಸದಕ್ಕೆ ಮೈಕಾ, ಪೇಸ್ಟ್ ಹಾಕಿ ಬಿಗಿದರೆ ಆಯಿತು. ಇಲ್ಲಿ ಕಷ್ಟ ಅಂದರೆ ಡೂಪ್ಲಿಕೇಟ್ ಮಾಲು. ನೋಡಲು ಅಸಲಿ ಥರವೇ, ವಾಲ್ಯೂಮ್ ಏರಿಸಿದ ತಕ್ಷಣ ಢಂ! ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ವೂಫರ್ ರೀಕೋನ್ ಮಾಡುವುದು, ಅಂದರೆ ಅದರ ಕೋನ್, ಕಾಯಿಲ್ ಹೊಸದು ಹಾಕುವುದು, ನನಗೆ ತುಂಬಾ ಇಷ್ಟದ ಕೆಲಸ. ಹಳೇ ಕೋನ್, ಸ್ಪೈಡರ್ (ಕಾಯಿಲ್ ಹಿಡಿದಿಡುವ ಸುಕ್ಕು ಬಟ್ಟೆ) ಕತ್ತರಿಸಿ ತೆಗೆಯಬೇಕು. ಮ್ಯಾಗ್ನೆಟ್ ಗ್ಯಾಪ್‌ನಲ್ಲಿ ಸುಟ್ಟ ಕಾಯಿಲ್‌ನ ಪುಡಿ ಸೇರಿರುತ್ತದೆ. ಮಾಸ್ಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಮಡಚಿ ಗ್ಯಾಪ್ ಸುತ್ತ ಎಳೆದರೆ ಪುಡಿಯೆಲ್ಲ ಅಂಟಿಕೊಂಡು ಬರುತ್ತದೆ. ಹೊಸ ವಾಯ್ಸ್ ಕಾಯಿಲ್ ಇಳಿಸಿ, ಕಾಯಿಲ್‌ಗೂ ನಡುವಿನ ಕಂಬಕ್ಕೂ ಮಧ್ಯೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಇಡಬೇಕು. ಆಗ ಅದು ಸರಿಯಾಗಿ ನಡುವೆ ನಿಲ್ಲುತ್ತದೆ. ಸ್ಪೈಡರ್, ಕೋನ್ ಅಂಟಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆ ಎಳೆದು, ಎರಡೂ ಕೈಯ ಬೆರಳಿನಿಂದ ಕೋನ್ ಮೆಲ್ಲಗೆ ಒತ್ತಿ ಕಿವಿಗೊಡಬೇಕು. ಸ್ವಲ್ಪ ಕೆರೆದ ಸದ್ದು ಬಂದರೂ ಮತ್ತೆ ಮೊದಲಿಂದ. ಒಂದೂವರೆ ವೋಲ್ಟ್ ಸೆಲ್‌ನ ಪ್ಲಸ್ ಅನ್ನು ಪ್ಲಸ್‌ಗೆ ಮುಟ್ಟಿಸಿದಾಗ ಕೋನ್ ಮುಂದಕ್ಕೆ ಬಂದರೆ ವೈರ್ ಸರಿಯಿದೆ. ಡಸ್ಟ್ ಕ್ಯಾಪ್ ಕೊನೆಗೆ.

ಈ ರೀಕೋನ್ ಪವರ್ಡ್ ಬಾಕ್ಸ್‌ನ ವೂಫರ್‌ಗೂ ಆಗುತ್ತದೆ ಅಲ್ವಾ ಅಂದರೆ ಆಗುತ್ತದೆ. ಆದರೆ ಅದೇ ಅಳತೆಯ ಕಿಟ್ ಸಿಗಬೇಕು. ಒಳಗಿನ ಲಿಮಿಟರ್, ಇಕ್ಯೂ ಎಲ್ಲ ಹಳೇ ಕೋನ್‌ಗೆ ಅಳೆದು ಮಾಡಿದ್ದು. ಬೇರೆ ಕೋನ್ ಹಾಕಿದರೆ ಆ ಲೆಕ್ಕ ತಪ್ಪುತ್ತದೆ.

ಅದಿರಲಿ, ಪವರ್ಡ್ ಬಾಕ್ಸ್‌ನ ದೂರುಗಳಲ್ಲಿ ಅರ್ಧಕ್ಕರ್ಧ ಬೋರ್ಡ್ ಸುಟ್ಟಿದ್ದಲ್ಲ. ವೂಫರ್‌ನ ಅದುರು ಜೊತೆಗೆ ಟೆಂಪೋದ ಕುಲುಕಾಟ ಸೇರಿ ಭಾರದ ಕೆಪಾಸಿಟರ್‌ಗಳ ಬುಡದಲ್ಲಿ ಡ್ರೈ ಸೋಲ್ಡರ್ (ಬೆಸುಗೆ ಬಿರುಕು) ಆಗುತ್ತದೆ, ರಿಬ್ಬನ್ ಕೇಬಲ್ ಸಡಿಲವಾಗುತ್ತದೆ. ಬಾಕ್ಸ್ ತಟ್ಟಿದರೆ ಸೌಂಡ್ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಎಲ್ಲ ಪ್ಲೇಟ್ ಬಿಚ್ಚಿ, ಸೋಲ್ಡರ್ ಮತ್ತೆ ಕಾಯಿಸಿ, ಕೆಪಾಸಿಟರ್ ಬುಡಕ್ಕೆ ಸಿಲಿಕಾನ್ ಹಾಕಿಡುತ್ತೇನೆ.

ಕರೆಂಟ್ ವಿಷಯದಲ್ಲಿ ಈಗ ನನ್ನದೇ ಬೋರ್ಡ್ ಇದೆ. 270 ವೋಲ್ಟ್ ದಾಟಿದರೆ ಅಥವಾ 170ಕ್ಕಿಂತ ಇಳಿದರೆ ಕಟ್ ಆಗುವ ಕಟ್-ಆಫ್, ಓವರ್‌ಲೋಡ್, ಶಾರ್ಟ್ ಆದರೆ ಬೀಳುವ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿ. ಎಲ್ಲ ಪವರ್ಡ್ ಬಾಕ್ಸ್‌ಗಳಿಗೂ ಅದರಿಂದಲೇ ಲೈನ್. ಜನರೇಟರ್ ಇರಲಿ, ಕಂಬ ಇರಲಿ, ಮೊದಲು ಬೋರ್ಡ್ ಹಾಕಿ ವೋಲ್ಟೇಜ್ ನೋಡುತ್ತೇನೆ, ಆಮೇಲೆ ಬಾಕ್ಸ್. ಹಬ್ಬ, ನಾಟಕಕ್ಕೆ ರ‍್ಯಾಕ್ ಮತ್ತು ಪ್ಯಾಸಿವ್ ಬಾಕ್ಸ್, ಟೆಂಪೋದಲ್ಲಿ ಒಂದು ಆಂಪ್ಲಿಫೈಯರ್ ಸ್ಪೇರ್. ಛತ್ರದ ಮದುವೆ, ಸ್ಕೂಲ್ ಡೇಗೆ ಪವರ್ಡ್, ಇಬ್ಬರೇ ಹೋಗಿ ಬರಬಹುದು.

ಹೊಸ ಪವರ್ಡ್ ಬಾಕ್ಸ್ ಕೊಳ್ಳುವಾಗ ವಾಟ್ ಎಷ್ಟು ಅಂತ ನಾನು ಆಮೇಲೆ ಕೇಳುತ್ತೇನೆ. ಪವರ್ ಸಪ್ಲೈ ಬೋರ್ಡ್ ಬೇರೆ ಇದೆಯಾ, ಅದೊಂದನ್ನೇ ಕೊಡುತ್ತಾರಾ, ಈಗ ಸ್ಟಾಕ್ ಇದೆಯಾ ಅಂತ ಮೊದಲು. ಕಳೆದ ಸಲ ಒಬ್ಬ ಡೀಲರ್ ‘ಹೊಸ ಬಾಕ್ಸ್ ಕೊಳ್ಳೋಕೆ ಬಂದು ರಿಪೇರಿ ಮಾತಾಡ್ತೀರಲ್ಲ ಸರ್’ ಅಂತ ನಕ್ಕರು. ಕೊನೆಗೆ ಸ್ಟೋರ್‌ಗೆ ಫೋನ್ ಮಾಡಿ ವಿಚಾರಿಸಿದರು. ಬೋರ್ಡ್ ಇತ್ತು. ಬಾಕ್ಸ್ ಜೊತೆಗೇ ಅದನ್ನೂ ಬಿಲ್ ಮಾಡಿಸಿ ತಂದೆ.