ಮಾತ್ರೆ ತಪ್ಪಿದ ದಿನಗಳ ಲೆಕ್ಕ

ದಿನಗೂಲಿ ಮಾಡುವವರೇ ಜಾಸ್ತಿ ಬರುವ ಕ್ಲಿನಿಕ್‌ನಲ್ಲಿ ಸಕ್ಕರೆ ಕಾಯಿಲೆ ನೋಡುವ ವೈದ್ಯೆ ನಾನು. ಮೊದಲ ಕೆಲವು ವರ್ಷ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಲ್ಲರೂ "ಹೂಂ" ಅನ್ನುತ್ತಿದ್ದರು. ಶುಗರ್ ಇಳಿಯದಿದ್ದರೆ ಡೋಸ್ ಏರಿಸುತ್ತಿದ್ದೆ.

ಮನೆಗೆಲಸ ಮಾಡುವ ಒಬ್ಬ ಅಮ್ಮನಿಗೆ ಹೀಗೆ ಎರಡು ಸಲ ಗ್ಲಿಮೆಪಿರೈಡ್ ಅನ್ನುವ ಶುಗರ್ ಇಳಿಸುವ ಮಾತ್ರೆ ಏರಿಸಿದೆ. ಒಂದು ಮಧ್ಯಾಹ್ನ ಅವರು ಬೆವತು, ಕೈ ನಡುಗಿ, ಕೆಲಸದ ಜಾಗದಲ್ಲೇ ಕುಸಿದು ಕೂತರು. ಕರೆತಂದಾಗ ಶುಗರ್ 48ಕ್ಕೆ ಕುಸಿದಿತ್ತು. ಗ್ಲೂಕೋಸ್ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿದೆವು. ಈ ಮಾತ್ರೆಯಿಂದ ಇಳಿದ ಶುಗರ್ ಮತ್ತೆ ಇಳಿಯಬಹುದು, ಅದಕ್ಕೆ ಸಂಜೆಯವರೆಗೂ ಕಳಿಸಲಿಲ್ಲ.

ಆ ಸಂಜೆ ಅವರು ಬಾಯಿಬಿಟ್ಟರು. ತಿಂಗಳ ಕೊನೆಗೆ ಮಾತ್ರೆ ಮುಗಿದುಹೋಗುತ್ತಿತ್ತು. ತಿಂಡಿಗೆ ಪುರುಸೊತ್ತಿಲ್ಲದ ದಿನ ಬೇಕಂತಲೇ ಬಿಡುತ್ತಿದ್ದರು, ನುಂಗಿದರೆ ತಲೆ ಸುತ್ತುತ್ತಿತ್ತಂತೆ. ನನ್ನ ಚೀಟಿಗಿಂತ ಅವರ ಲೆಕ್ಕವೇ ಸರಿ. ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ಗ್ಲಿಮೆಪಿರೈಡ್ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅವತ್ತು ನಾನು ಹೇಳಿದ್ದಕ್ಕೆ ನುಂಗಿದ್ದರು.

ಈಗ ಕೇಳುವ ರೀತಿಯೇ ಬೇರೆ. "ಸುಮಾರು ಜನಕ್ಕೆ ಮಾತ್ರೆ ತಪ್ಪುತ್ತೆ. ಕಳೆದ ವಾರ ನಿಮಗೆ ಎಷ್ಟು ದಿನ ತಪ್ತು?" ಅಂತ ಕೇಳಿ ಸುಮ್ನೆ ಕೂರುತ್ತೇನೆ. ಆ ಮೌನದಲ್ಲಿ ನಿಜ ಬರುತ್ತದೆ. ಊಟದ ಹೊತ್ತು ಗ್ಯಾರಂಟಿ ಇಲ್ಲದವರಿಗೆ ಆದಷ್ಟು ಶುಗರ್ ಕುಸಿಸದ ಮಾತ್ರೆ ಆರಿಸುತ್ತೇನೆ. ಮೆಟ್‌ಫಾರ್ಮಿನ್ ಒಂದೇ ಕೊಟ್ಟರೆ ಶುಗರ್ ಕುಸಿಯುವುದು ಅಪರೂಪ. ಕಿಡ್ನಿ ಮಾತ್ರ ಮೊದಲು ನೋಡಬೇಕು.

ರಕ್ತ ಪರೀಕ್ಷೆಯನ್ನೂ ಬದಲಿಸಿದೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಊಟವಾಗಿ ಎರಡು ಗಂಟೆಗೆ ಇನ್ನೊಂದು ಸಲ ಅಂದರೆ ಒಂದು ದಿನದ ಕೂಲಿ ಹೋಯಿತು, ಅಲ್ವಾ? ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆಗೆ ಉಪವಾಸ ಬೇಡ. ಎರಡು ಮೂರು ತಿಂಗಳ ಶುಗರ್ ಸರಾಸರಿ ಸಿಗುತ್ತದೆ. ಆದರೆ ರಕ್ತಹೀನತೆ ಇದ್ದರೆ ಆ ಅಂಕಿ ದಾರಿ ತಪ್ಪಿಸುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಕೂಡ ನೋಡುತ್ತೇನೆ.

ನಾನು ಬರುವ ಮುಂಚೆಯೇ ನರ್ಸ್ ಎಲ್ಲರ ಚಪ್ಪಲಿ ಬಿಚ್ಚಿಸಿರುತ್ತಾರೆ. ಬರಿಗಾಲು ಕಣ್ಣೆದುರು ಇದ್ದರೆ ಪಾದ ನೋಡುವುದು ಮರೆಯುವುದೇ ಇಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಬಹುದು; 10 ಗ್ರಾಂ ಮೊನೊಫಿಲಮೆಂಟ್ ಅನ್ನುವ ನೈಲಾನ್ ಎಳೆ ತಾಗಿಸಿ ಅದನ್ನು ನೋಡಲು ಎರಡು ನಿಮಿಷ ಸಾಕು.

ಆ ಅಮ್ಮನಿಗೆ ಈಗ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತೇವೆ. ಎಚ್‌ಬಿಎ1ಸಿ 10ರ ಮೇಲಿದ್ದದ್ದು 7.8ಕ್ಕೆ ಬಂದಿದೆ. ಹೋದ ಸಲ ಬಂದಾಗ ನಾನು ಕೇಳುವ ಮೊದಲೇ, "ಡಾಕ್ಟ್ರಮ್ಮ, ಈ ವಾರ ಎರಡು ದಿನ ತಪ್ತು" ಅಂದರು.